ಏರೋಡ್ರಮ್ಮಿನಲ್ಲಿ ಒಂದು ಮೇಟಿಗುಳಿ

ನಮ್ಮೂರಿಗೆ ಬಸ್ಸು ಇರಲಿಲ್ಲ, ಕರೆಂಟು ಇರಲಿಲ್ಲ, ಜ್ವರ ಬಂದರೆ ಔಷಧಿಗೆ ಚಿಂತಾಮಣಿಗೇ ಹೋಗಬೇಕಿತ್ತು. ಆದರೆ ವಿಮಾನ ನಿಲ್ದಾಣವಿತ್ತು. ಇದನ್ನು ಹೇಳಿದರೆ ಈಗ ಯಾರೂ ನಂಬುವುದಿಲ್ಲ. ಎತ್ತಿನ ಗಾಡಿಯೇ ಮುಗ್ಗರಿಸುತ್ತಾ ಬರುತ್ತಿದ್ದ ಊರಿನ ಪಕ್ಕದಲ್ಲಿ, ಕೆಂಚಾರ್ಲಹಳ್ಳಿ ಕಡೆಯ ಮಣ್ಣುರಸ್ತೆಗೆ ಒತ್ತಿಕೊಂಡು, ಕಣ್ಣು ಹಾಯುವಷ್ಟು ದೂರ ಕಾಂಕ್ರೀಟು ಹಾಸಿ ಬಿಟ್ಟಿದ್ದರು. ಜಪಾನಿನವರು ಬರುತ್ತಾರೆ ಎಂದು ಇಂಗ್ಲಿಷಿನವರು ಹೆದರಿಕೊಂಡಿದ್ದ ಕಾಲದಲ್ಲಿ ಮಾಡಿದ್ದಂತೆ. ಜಪಾನಿನವರು ಅಷ್ಟು ದೂರದಿಂದ ನಮ್ಮ ರಾಗಿ ಹೊಲಕ್ಕೆ ಬಂದು ಏನು ಮಾಡುತ್ತಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಊರವರೆಲ್ಲ ಅದನ್ನು ಏರೋಡ್ರಮ್ಮು ಎನ್ನುತ್ತಿದ್ದರು.

ಆ ಕಾಂಕ್ರೀಟಿನ ಅಡಿಯಲ್ಲಿ ನಮ್ಮ ಹೊಲವಿತ್ತು. ನಾನು ಹುಟ್ಟುವುದಕ್ಕೆ ಮುಂಚಿನ ಮಾತು. ಟೋಪಿ ಹಾಕಿಕೊಂಡವರು ಒಂದು ದಿನ ಬಂದು ತಾತನ ಕೈಗೆ ಕಾಗದ ಕೊಟ್ಟು, ಯುದ್ಧ ಮುಗಿದ ಮೇಲೆ ನಿಮ್ಮ ಭೂಮಿ ನಿಮಗೇ ವಾಪಸ್ಸು ಎಂದರಂತೆ.

"ಯಾವ ಯುದ್ಧ ಅಂತ ಹೇಳಲಿಲ್ಲ ನೋಡು. ಅಲ್ಲೇ ನಿಮ್ಮ ತಾತ ಏಮಾರಿದ್ದು," ಎಂದು ಅಜ್ಜಿ ಹೇಳುತ್ತಿದ್ದಳು.

ಯುದ್ಧ ಮುಗಿಯಿತು. ಜಪಾನಿನವರು ಬರಲಿಲ್ಲ, ಇಂಗ್ಲಿಷಿನವರು ಹೋದರು, ಕಾಂಕ್ರೀಟು ಮಾತ್ರ ಎಲ್ಲಿಗೂ ಹೋಗಲಿಲ್ಲ. ತಾತ ಆ ಕಾಗದ ಹಿಡಿದುಕೊಂಡು ಕೋಲಾರಕ್ಕೆ ನಡೆದೂ ನಡೆದೂ ಸಾಕಾಗಿ, ಒಂದು ಬೇಸಿಗೆಯಲ್ಲಿ ತೀರಿಕೊಂಡ. ಕಾಗದ ನಮ್ಮ ಮನೆಯ ದೇವರ ಗೂಡಿನಲ್ಲಿ ಬಹಳ ಕಾಲ ಇತ್ತು. ಮಂಗಳಾರತಿ ಅದಕ್ಕೂ ಆಗುತ್ತಿತ್ತು.

ಇಷ್ಟೆಲ್ಲ ಮಾಡಿ ಅಲ್ಲಿಗೆ ಇಳಿದ ವಿಮಾನಗಳೆಷ್ಟು? ಅಜ್ಜಿ ಹೇಳುವ ಪ್ರಕಾರ ಮೂರು. ಒಂದು ದಾರಿ ತಪ್ಪಿ ಬಂದದ್ದು. ಇನ್ನೊಂದು ಅದನ್ನು ಹುಡುಕಿಕೊಂಡು ಬಂದದ್ದು. ಮೂರನೆಯದರಿಂದ ಒಬ್ಬ ಬಿಳಿಯ ಇಳಿದು, ಹುಣಸೆಮರದ ಹಿಂದಕ್ಕೆ ಹೋಗಿ ಬಂದು, ಮತ್ತೆ ಹತ್ತಿಕೊಂಡು ಹೊರಟುಹೋದನಂತೆ. "ಅದಕ್ಕೆ ನಮ್ಮ ಹೊಲಾನೇ ಬೇಕಿತ್ತಾ? ಯಾವುದಾದ್ರೂ ಬೇಲಿ ಮರೆ ಸಾಲ್ತಿರಲಿಲ್ವಾ?" ಎಂದು ಅಜ್ಜಿ ಕೇಳುವಾಗ ಅವಳ ಮುಖದಲ್ಲಿ ನಗುವಿರುತ್ತಿರಲಿಲ್ಲ. ನಗುವುದು ನಮ್ಮ ಕೆಲಸ.

ಇಂಥ ಬೆಲೆಬಾಳುವ ಆಸ್ತಿಯನ್ನು ಕಾಯಲು ಸರ್ಕಾರಕ್ಕೆ ಒಬ್ಬ ಮನುಷ್ಯ ಬೇಕಾಯಿತು. ನಾಲ್ಕನೆಯ ಕ್ಲಾಸು ಓದಿದ್ದ ನನ್ನ ಅಪ್ಪನೇ ಊರಿನ ಪಂಡಿತನಾದ್ದರಿಂದ ಕೆಲಸ ಅವನಿಗೇ ಸಿಕ್ಕಿತು. ಖಾಕಿ ಕೋಟು, ಒಂದು ಪೀಪಿ, 'ಒಳಗೆ ಬರಕೂಡದು' ಎಂದು ಬರೆದ ತಗಡಿನ ಬೋರ್ಡು. ತನ್ನ ಅಪ್ಪನ ಹೊಲಕ್ಕೆ ತನ್ನ ಮನೆಯವರೇ ಕಾಲಿಡದಂತೆ ಕಾಯಲು ಸಂಬಳ ಪಡೆಯುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ವಾರಕ್ಕೊಂದು ಸಲ ಬೆಂಗಳೂರಿನ ಆಫೀಸಿಗೆ ಕಾರ್ಡು ಬರೆದು ವರದಿ ಕಳಿಸಬೇಕಿತ್ತು. ಅಪ್ಪನ ಅಕ್ಷರ ಕೋಳಿ ಕೆದರಿದ ಹಾಗಿದ್ದುದರಿಂದ ನನಗೆ ಬರೆಯಲು ಬಂದ ಮೇಲೆ ಆ ಕೆಲಸ ನನ್ನದಾಯಿತು. 'ಈ ವಾರ ಯಾವ ವಿಮಾನವೂ ಬಂದಿಲ್ಲ. ಇಂತೀ ತಮ್ಮ ವಿಧೇಯ.' ನನ್ನ ಬಾಲ್ಯದಲ್ಲಿ ನಾನು ಅತಿ ಹೆಚ್ಚು ಸಲ ಬರೆದ ವಾಕ್ಯ ಇದೇ. ಅಷ್ಟು ವರ್ಷದಲ್ಲಿ ಬೆಂಗಳೂರಿನಿಂದ ಯಾರೂ 'ಯಾಕೆ ಬಂದಿಲ್ಲ' ಎಂದು ಕೇಳಲಿಲ್ಲ.

ನಗುತ್ತಿದ್ದೇನೆ, ಆದರೆ ಆ ಸಂಬಳ ನಮಗೆ ಬೇಕಿತ್ತು. ಉಳಿದಿದ್ದ ಹೊಲ ವರ್ಷಕ್ಕೆ ಆಗುವಷ್ಟು ರಾಗಿ ಕೊಡುತ್ತಿರಲಿಲ್ಲ. ಅಪ್ಪನ ಕೆಲಸವಿದ್ದರೆ ನಾನು ಮಿಡ್ಲ್ ಸ್ಕೂಲು ಮುಗಿಸಿ, ಚಿಂತಾಮಣಿಯಲ್ಲಿ ಅತ್ತೆಯ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗಬಹುದಿತ್ತು. ಇಲ್ಲವಾದರೆ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆಹುಳುವಿಗೆ ಹಾಕುತ್ತಾ, ಮದುವೆಗೆ ಯಾರಾದರೂ ಬರುತ್ತಾರೋ ಎಂದು ಬಾಗಿಲು ನೋಡುತ್ತಾ ಕೂರಬೇಕಿತ್ತು. ಈ ಮಾತನ್ನು ಅಮ್ಮ ದಿನಕ್ಕೆ ಎರಡು ಸಲವಾದರೂ ಜ್ಞಾಪಿಸುತ್ತಿದ್ದಳು.

ಅಜ್ಜಿಯ ಯೋಚನೆ ಬೇರೆ. ಅವಳಿಗೆ ಹೊಲ ಹೋದದ್ದಕ್ಕಿಂತ ಕಣ ಹೋದದ್ದು ಹೆಚ್ಚಿನ ಸಂಕಟ. ನಮ್ಮ ಕಡೆ ರಾಗಿ ಕೊಯ್ದ ಮೇಲೆ ಗಟ್ಟಿ ನೆಲವನ್ನು ಸಗಣಿಯಿಂದ ಸಾರಿಸಿ ಕಣ ಮಾಡುತ್ತಾರೆ. ನಡುವೆ ಗುಳಿ ತೆಗೆದು ಮೇಟಿಕಂಬ ನಿಲ್ಲಿಸಿ, ಅದಕ್ಕೆ ಎತ್ತು ಕಟ್ಟಿ, ತೆನೆ ತುಳಿಸುತ್ತಾರೆ. ಮೇಟಿ ನಿಲ್ಲಿಸುವ ಜಾಗವನ್ನು ಯಾರೂ ಬದಲಾಯಿಸುವುದಿಲ್ಲ. ಮಾವನ ಮಾವ ನಿಲ್ಲಿಸಿದ ಕಡೆಯೇ ತಾನೂ ನಿಲ್ಲಿಸಬೇಕು ಎಂಬುದು ಅಜ್ಜಿಯ ಹಟ. ಆ ಜಾಗವೋ, ಸರ್ಕಾರದ ರನ್‌ವೇಯ ನಟ್ಟನಡುವೆ. ಹುಣಸೆಮರದಿಂದ ಅಂಬಾಜಿ ದುರ್ಗದ ಕಡೆ ಮುಖ ಮಾಡಿ ನೂರಾ ಹದಿನೆಂಟು ಹೆಜ್ಜೆ. ಅಲ್ಲಿಂದ ಕಾಂಕ್ರೀಟಿನ ಎರಡು ಚಪ್ಪಡಿ ಕೂಡುವ ಸಂದು ಒಂದು ಗೇಣು ಆಚೆಗಿತ್ತು. ಹಾರೆ ಇಳಿಯುವುದು ಸಂದಿನಲ್ಲಿ ಮಾತ್ರವಾದ್ದರಿಂದ ಅಜ್ಜಿ ಆ ಒಂದು ಗೇಣನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದಳು. ಅದಕ್ಕಿಂತ ಹೆಚ್ಚು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಹೀಗೆ ಪ್ರತಿ ವರ್ಷ ರಾಗಿ ಕೊಯ್ಲಾದ ಮೇಲೆ ನಮ್ಮ ಅಜ್ಜಿ ಹಾರೆ ಹಿಡಿದು ಸರ್ಕಾರದ ವಿಮಾನ ನಿಲ್ದಾಣದಲ್ಲಿ ಗುಳಿ ತೋಡುತ್ತಿದ್ದಳು. ನಮ್ಮದಾದ ಮೇಲೆ ಊರವರೆಲ್ಲ ಸರದಿಯಂತೆ ಅಲ್ಲೇ ತುಳಿಸುತ್ತಿದ್ದರು. ಅಂಥ ಕಣ ಇನ್ನೆಲ್ಲಿ ಸಿಗಬೇಕು? ಕಲ್ಲಿಲ್ಲ, ಮಣ್ಣಿಲ್ಲ. ಗಾಳಿಯನ್ನು ನೋಡಿಯೇ ವಿಮಾನದ ದಾರಿ ಮಾಡುತ್ತಾರಂತೆ, ರಾಗಿ ತೂರುವುದಕ್ಕೂ ಅದೇ ಗಾಳಿ ಬೇಕು. ಇಂಗ್ಲಿಷಿನವರು ನಮಗೆ ಮಾಡಿದ ಉಪಕಾರ ಇದೊಂದು, ಅದೂ ಗೊತ್ತಿಲ್ಲದೆ.

ಕಾವಲುಗಾರ ಏನು ಮಾಡುತ್ತಿದ್ದ? ಖಾಕಿ ಕೋಟು ತೊಟ್ಟು ಕಣದ ಅಂಚಿಗೆ ಬಂದು ನಿಂತು, "ಅವ್ವಾ, ಇದು ಸರ್ಕಾರದ್ದು," ಎನ್ನುತ್ತಿದ್ದ. ವರ್ಷಕ್ಕೊಂದು ಸಲ ಹೇಳುವುದು ಅವನ ಕರ್ತವ್ಯ.

"ಏನಪ್ಪಾ ಸರ್ಕಾರ, ಬಂದ್ಯಾ? ಚಪ್ಪಲಿ ಬಿಟ್ಟು ಬಾ, ಇದು ಕಣ," ಎನ್ನುತ್ತಿದ್ದಳು ಅಜ್ಜಿ.

ಅಪ್ಪ ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ಎತ್ತು ಹೊಡೆದು, ಆಮೇಲೆ ರನ್‌ವೇಯ ಆ ಕೊನೆಯನ್ನು ತನಿಖೆ ಮಾಡಲು ಹೊರಟುಹೋಗುತ್ತಿದ್ದ. ತುಳಿಸಿ ಮುಗಿಯುವವರೆಗೂ ತನಿಖೆ ಮುಗಿಯುತ್ತಿರಲಿಲ್ಲ. ಎಲ್ಲ ಆದ ಮೇಲೆ ಗುಳಿಗೆ ಕಲ್ಲು ಮಣ್ಣು ತುಂಬಿ ಮುಚ್ಚುವುದು ಅವನದೇ ಕೆಲಸ. ವರ್ಷ ವರ್ಷ ತೋಡಿ ಮುಚ್ಚಿ, ತೋಡಿ ಮುಚ್ಚಿ, ಗುಳಿ ಹಂಡೆಯ ಬಾಯಿಯಷ್ಟು ಅಗಲವಾಗಿತ್ತು. ಕಾರ್ಡಿನಲ್ಲಿ ಗುಳಿಯ ಮಾತು ಬರುತ್ತಿರಲಿಲ್ಲ. ವಿಮಾನ ಬಂತೋ ಇಲ್ಲವೋ ಎಂದಷ್ಟೇ ಅವರು ಕೇಳಿದ್ದು.

ಚೀನಾದವರ ಜೊತೆ ಯುದ್ಧವಾದ ವರ್ಷ ಈ ಏರ್ಪಾಡಿಗೆ ಸಂಚಕಾರ ಬಂತು. ನಾನಾಗ ಮಿಡ್ಲ್ ಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಮೇಷ್ಟರ ಮನೆಯ ಬ್ಯಾಟರಿ ರೇಡಿಯೋದ ಸುತ್ತ ಊರೇ ಕೂತಿರುತ್ತಿತ್ತು. ಯುದ್ಧ ಮುಗಿಯಿತು ಎಂದು ಆ ರೇಡಿಯೋ ಹೇಳಿ ಮೂರು ವಾರವಾದ ಮೇಲೆ, ಯುದ್ಧಕ್ಕೆ ಹಳೆಯ ಏರೋಡ್ರಮ್ಮುಗಳು ಉಪಯೋಗಕ್ಕೆ ಬರುತ್ತವೋ ಎಂದು ನೋಡಲು ಸಾಹೇಬರು ಬರುತ್ತಾರೆ ಎಂಬ ಕಾಗದ ಬಂತು. ಮನೆಗೆ ಬೆಂಕಿ ಬಿದ್ದು ಆರಿದ ಮೇಲೆ ಬಾವಿ ತೋಡಲು ಬಂದ ಹಾಗೆ. ಕಾಗದ ಇಂಗ್ಲಿಷಿನಲ್ಲಿತ್ತು. ಮೇಷ್ಟರು ಓದಿ ಹೇಳಿದರು: "ರನ್‌ವೇ ಚೊಕ್ಕಟವಾಗಿರಬೇಕಂತೆ. ಎಲ್ಲೂ ಹಳ್ಳಗಿಳ್ಳ ಇರಬಾರದಂತೆ. ಇದ್ದರೆ ಕಾವಲುಗಾರನನ್ನೇ ಹೊಣೆ ಮಾಡಿ, ಕೆಲಸದಿಂದ ತೆಗೀತಾರಂತೆ."

ಅಪ್ಪ ಎದ್ದವನೇ ಏರೋಡ್ರಮ್ಮಿನ ಕಡೆ ಓಡಿದ. ಯಾಕೆಂದರೆ ಅಜ್ಜಿ ಆ ಬೆಳಿಗ್ಗೆ ತಾನೇ ಗುಳಿ ತೆಗೆದು ಮೇಟಿ ನಿಲ್ಲಿಸಿದ್ದಳು.

ಮೇಟಿ ಕಿತ್ತರು. ರಾಗಿಯ ಮೆದೆಯನ್ನು ಊರೊಳಕ್ಕೆ ಹೊತ್ತರು. ಗುಳಿಗೆ ಕಲ್ಲು ತುಂಬಿ ಮೇಲೆ ಮಣ್ಣು ಹಾಕಿ ತುಳಿದರು. ಆದರೆ ನಮ್ಮ ಮಣ್ಣು ಕೆಂಪು, ಕಾಂಕ್ರೀಟು ಬೂದಿ ಬಣ್ಣ. ಕುಂಕುಮ ಇಟ್ಟ ಹಾಗೆ ಎದ್ದು ಕಾಣುತ್ತಿತ್ತು. ನೆಲದ ಮೇಲಿನ ಯಾವ ಕಲೆಗೂ ನಮ್ಮವರಿಗೆ ಗೊತ್ತಿರುವ ಔಷಧಿ ಒಂದೇ, ಸಗಣಿ. ಅಪ್ಪ ಒಂದು ಬುಟ್ಟಿ ಸಗಣಿ ತಂದು ಅದರ ಮೇಲೆ ಸಾರಿಸಿದ. ಈಗ ಕೆಂಪು ಬೊಟ್ಟು ಹೋಗಿ ಹಸಿರು ಬೊಟ್ಟು ಬಂತು. ಅದು ಕಾಣಬಾರದೆಂದು ಆ ಚಪ್ಪಡಿಗೆಲ್ಲ ಸಾರಿಸಿದ. ಒಂದು ಚಪ್ಪಡಿ ಹಸಿರು, ಉಳಿದದ್ದೆಲ್ಲ ಬೂದಿ. ಅಕ್ಕಪಕ್ಕದ್ದಕ್ಕೂ ಸಾರಿಸಿದ. ಹೊತ್ತು ನೆತ್ತಿಗೇರುವಷ್ಟರಲ್ಲಿ ಊರಿನ ಹೆಂಗಸರೆಲ್ಲ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಇಳಿದಿದ್ದರು. ಮನೆಮನೆಯ ಕೊಟ್ಟಿಗೆ ಖಾಲಿಯಾಯಿತು. ಎರಡು ದಿನದಲ್ಲಿ ಹುಣಸೆಮರದ ಎರಡೂ ಕಡೆಗೆ, ಕೂಗಿದರೆ ಕೇಳುವಷ್ಟು ದೂರದವರೆಗೆ, ಭಾರತ ಸರ್ಕಾರದ ರನ್‌ವೇ ಗೌರಿಹಬ್ಬದ ಅಂಗಳದಂತೆ ಹಸಿರಾಗಿ ಹೊಳೆಯುತ್ತಿತ್ತು. ಚೊಕ್ಕಟವಾಗಿರಬೇಕು ಎಂದರಲ್ಲ, ಅದಕ್ಕಿಂತ ಚೊಕ್ಕಟ ನಮಗೆ ಗೊತ್ತಿರಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಸಾರಿಸಿದ ನೆಲಕ್ಕೆ ರಂಗೋಲಿ ಇಡದೆ ಬಿಡುವುದು ಸಾವಿನ ಮನೆಯಲ್ಲಿ ಮಾತ್ರ ಎಂದು ಅಮ್ಮ ತಗಾದೆ ತೆಗೆದಳು. ಸಾಹೇಬರು ಬರುವ ದಿನ ಹಾಗೆ ಬಿಟ್ಟರೆ ಕೆಲಸ ಹೋಗುವುದಕ್ಕೆ ಬೇರೆ ಕಾರಣವೇ ಬೇಡ ಎಂದಳು. ಹಾಗಾಗಿ ರಂಗೋಲಿಯೂ ಆಯಿತು. ನಾನೇ ಎರಡು ನವಿಲು ಬಿಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಜೀಪಿನ ಧೂಳು ಕಂಡಿತು. ಅಪ್ಪ ಕೋಟಿನ ಗುಂಡಿ ಹಾಕಿಕೊಂಡು ಪೀಪಿ ಹಿಡಿದು ನಿಂತ. ನಾನು ಅವನ ಪಕ್ಕದಲ್ಲಿ. ಆಗ ನೋಡಿದರೆ ಅಜ್ಜಿ ಗೋಣಿತಾಟು ಹಿಡಿದುಕೊಂಡು ರನ್‌ವೇಯ ನಡುವೆ ನಡೆದು ಹೋಗುತ್ತಿದ್ದಾಳೆ.

"ಅವ್ವಾ, ಎಲ್ಲಿಗೆ? ಜೀಪು ಬರ್ತೈತೆ!"

"ನೀನು ತುಂಬಿರೋ ಮಣ್ಣು ಇನ್ನೂ ಹಸಿ ಐತೆ ಕಣೋ. ಜೀಪಿನ ಗಾಲಿ ಇಳೀತು ಅಂದ್ರೆ ನಿನ್ನ ಕೆಲಸಾನೂ ಇಳೀತು. ತೋಡಿದೋಳು ನಾನು, ನಾನೇ ಕೂತ್ಕೋತೀನಿ."

ಗೋಣಿತಾಟು ಹಾಸಿ, ಗುಳಿಯ ಮೇಲೆ ಕಾಲು ಚಾಚಿ ಕೂತೇಬಿಟ್ಟಳು. ಇಪ್ಪತ್ತು ವರ್ಷ ಆ ನೆಲ ಸರ್ಕಾರದ್ದೆಂದು ಒಪ್ಪದವಳು ಆ ದಿನ ಸರ್ಕಾರದ ಜೀಪಿಗೆ ಅಡ್ಡ ಕೂತದ್ದು ಮಗನ ಸರ್ಕಾರಿ ಕೆಲಸ ಉಳಿಸಲು.

ಜೀಪಿನಲ್ಲಿ ಒಬ್ಬರು ಮೀಸೆಯ ಸಾಹೇಬರು, ಅವರ ಜೊತೆಗೆ ಒಬ್ಬ ಗುಮಾಸ್ತ. ಸಾಹೇಬರ ಮಾತನ್ನು ಗುಮಾಸ್ತ ಕನ್ನಡ ಮಾಡಿ ಹೇಳುತ್ತಿದ್ದ. ಹಸಿರು ರನ್‌ವೇಯನ್ನು ಕಂಡು ಸಾಹೇಬರು ಜೀಪಿನಿಂದ ಇಳಿದು, ಬಹಳ ಹೊತ್ತು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ಮುಗಿಯಿತು ಎಂದುಕೊಂಡೆ.

"ಮೇಲಿಂದ ಶತ್ರು ವಿಮಾನದೋರು ನೋಡಿದ್ರೆ ಹೊಲ ಅಂತ ತಿಳ್ಕೊಳ್ಲಿ ಅಂತ ಹೀಗೆ ಬಣ್ಣ ಬಳಿದಿದ್ದೀಯಾ ಅಂತ ಸಾಹೇಬ್ರು ಕೇಳ್ತಾರೆ," ಎಂದ ಗುಮಾಸ್ತ.

ಅಪ್ಪ, "ಹೌದು ಸಾರ್. ಹೊಲ ಅಂತ್ಲೇ ತಿಳ್ಕೋಬೇಕು," ಎಂದ.

ಸಾಹೇಬರು ಅಪ್ಪನ ಭುಜ ತಟ್ಟಿದರು. ಯಾರೂ ಹೇಳಿಕೊಡದೆ ಒಬ್ಬ ಕಾವಲುಗಾರ ಇಷ್ಟು ಬುದ್ಧಿ ಉಪಯೋಗಿಸಿದ್ದಾನೆ ಎಂದು ಬರೆದುಕೊಳ್ಳಲು ಗುಮಾಸ್ತನಿಗೆ ಹೇಳಿದರು. ನವಿಲುಗಳ ಬಗ್ಗೆ ಅವರು ಏನೂ ಕೇಳಲಿಲ್ಲ. ಶತ್ರುವನ್ನು ದಾರಿ ತಪ್ಪಿಸಲು ಅವೂ ಬೇಕು ಎಂದು ತಿಳಿದಿರಬೇಕು. ಇಡೀ ಊರಿನ ಸಗಣಿ ದೇಶರಕ್ಷಣೆಗೆ ಸಂದಿತು.

ಆಮೇಲೆ ಅವರ ಕಣ್ಣು ಅಜ್ಜಿಯ ಮೇಲೆ ಬಿತ್ತು. ಗುಮಾಸ್ತ ಹತ್ತಿರ ಹೋಗಿ, "ಏಳಮ್ಮಾ, ಸಾಹೇಬ್ರು ನೋಡ್ಬೇಕಂತೆ," ಎಂದ. ಅಜ್ಜಿ ಕೈ ಮುಗಿದು, ಕಷ್ಟ ಬಂದಾಗ ಬರುವ ತನ್ನ ತೆಲುಗಿನಲ್ಲಿ, "ಲೇವಲೇನು ನಾಯನಾ," ಎಂದಳು. ಏಳಲಾರೆ ಎಂದು ಮೊಣಕಾಲು ತೋರಿಸಿದಳು. ದಿನಕ್ಕೆ ನಾಲ್ಕು ಸಲ ಹೊಲಕ್ಕೆ ಹೋಗಿ ಬರುತ್ತಿದ್ದ ಮೊಣಕಾಲು ಅದು.

"ಯಾರಯ್ಯ ಇವಳು? ರನ್‌ವೇ ಒಳಗೆ ಹೇಗೆ ಬಂದ್ಲು?" ಎಂದು ಗುಮಾಸ್ತ ಅಪ್ಪನತ್ತ ತಿರುಗಿದ.

ಅಪ್ಪ ಅಜ್ಜಿಯನ್ನು ನೋಡಲಿಲ್ಲ. ಕೋಟಿನ ಗುಂಡಿ ಹಿಡಿದುಕೊಂಡು, "ಗೊತ್ತಿಲ್ಲ ಸಾರ್. ಯಾರೋ ಮುದುಕಿ. ತಲೆ ಸರಿಯಿಲ್ಲ, ಎಲ್ಲಂದ್ರಲ್ಲಿ ಬಂದು ಕೂತ್ಕೋತಾಳೆ," ಎಂದ.

"ನಿಮ್ಮೂರೋಳಾ? ನಿನಗೆ ಗೊತ್ತೇನಮ್ಮಾ?" ಗುಮಾಸ್ತ ಕೇಳಿದ್ದು ನನ್ನನ್ನು.

ಚಿಂತಾಮಣಿಯ ಹೈಸ್ಕೂಲು ಕಣ್ಣ ಮುಂದೆ ಬಂತು. ನಾನು ತಲೆಯಾಡಿಸಿದೆ, ಗೊತ್ತಿಲ್ಲ ಎಂದು. ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

ಸಾಹೇಬರು ಒಳ್ಳೆಯವರು. ಹುಚ್ಚಿಯನ್ನು ಎಬ್ಬಿಸಬೇಡಿ ಎಂದರಂತೆ. ಜೀಪಿನಿಂದ ಒಂದು ಬಿಸ್ಕತ್ತು ಪೊಟ್ಟಣ ತೆಗೆದು ಅವಳ ಮಡಿಲಿಗೆ ಹಾಕಿ, ಜೀಪನ್ನು ಅವಳ ಪಕ್ಕದಿಂದ ಸುತ್ತಿಸಿಕೊಂಡು ಆ ಕೊನೆಯವರೆಗೆ ಹೋಗಿ ಬಂದು, ಬೆಂಗಳೂರಿಗೆ ಹೊರಟುಹೋದರು. ರನ್‌ವೇ ಸುಸ್ಥಿತಿಯಲ್ಲಿದೆ, ಕಾವಲುಗಾರನನ್ನು ಮುಂದುವರಿಸತಕ್ಕದ್ದು ಎಂದು ತಿಂಗಳೊಳಗೆ ಕಾಗದ ಬಂತು. ವಿಮಾನ ಬರಲಿಲ್ಲ.

ಜೀಪು ಕಣ್ಮರೆಯಾದ ಮೇಲೆ ಅಜ್ಜಿ ತಾನೇ ಎದ್ದಳು. ಗೋಣಿತಾಟು ಕೊಡವಿ ಹೆಗಲಿಗೆ ಹಾಕಿಕೊಂಡಳು. ಬಿಸ್ಕತ್ತು ನನ್ನ ಕೈಗಿಟ್ಟು, "ತಗೋಳಮ್ಮಾ, ಹೈಸ್ಕೂಲಿಗೆ ಹೋಗೋಳು ನೀನು," ಎಂದಳು. ನಾನು ಬೇಡ ಎನ್ನಬೇಕಿತ್ತು. ತಿಂದೆ. ಬಹಳ ರುಚಿಯಾಗಿತ್ತು, ಅದಕ್ಕೇ ನನ್ನ ಮೇಲೆ ನನಗೆ ಇನ್ನೂ ಸಿಟ್ಟು.

ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಜ್ಜಿ ಎಂದಿನಂತೆ ಮುದ್ದೆ ಕಟ್ಟಿ ಅಪ್ಪನ ತಟ್ಟೆಗೆ ಹಾಕುತ್ತಿದ್ದಳು. ಅವನನ್ನು 'ಸರ್ಕಾರ' ಎಂದು ಕರೆಯುವುದನ್ನು ಮಾತ್ರ ಬಿಟ್ಟಳು. ಮಗನೇ ಎಂದೂ ಕರೆಯಲಿಲ್ಲ, ಏನೂ ಕರೆಯಲಿಲ್ಲ. ಆ ವರ್ಷದ ರಾಗಿಯನ್ನು ಹಿತ್ತಲಿನಲ್ಲಿ ಕೋಲಿನಿಂದ ಬಡಿಸಿದಳು. ಮೇಟಿಕಂಬ ಕೊಟ್ಟಿಗೆಯ ಅಟ್ಟ ಸೇರಿತು. ಅಪ್ಪ ದಿನಾ ಸಂಜೆ ರನ್‌ವೇಯ ತನಿಖೆಗೆ ಹೋಗುತ್ತಿದ್ದ. ಈಗ ತನಿಖೆ ಮಾಡಲು ಏನೂ ಇರಲಿಲ್ಲವಾದ್ದರಿಂದ ಬಹಳ ಹೊತ್ತಾದ ಮೇಲೆ ಬರುತ್ತಿದ್ದ.

ನಾನು ಹೈಸ್ಕೂಲು ಸೇರಿದೆ. ಅಜ್ಜಿಯನ್ನು ಗೊತ್ತಿಲ್ಲ ಎಂದು ಗಳಿಸಿದ ಹೈಸ್ಕೂಲು. ಅತ್ತೆಯ ಮನೆಯಲ್ಲಿ ಓದಲು ಕೂತಾಗಲೆಲ್ಲ ಅದು ಮನಸ್ಸಿಗೆ ಬರುತ್ತಿತ್ತು, ಗಣಿತದ ಲೆಕ್ಕ ತಪ್ಪುತ್ತಿತ್ತು. ಹಾಗೆಂದು ಓದು ಬಿಡಲಿಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಮರುವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಎರಡು ದಿನದ ರಜೆಗೆ ಊರಿಗೆ ಬಂದಿದ್ದೆ. ಹೊಸ ಲಂಗ ದಾವಣಿ ಉಟ್ಟುಕೊಂಡು ಜಗುಲಿಯ ಮೇಲೆ ಕೂತು ಬೀದಿಗೆ ತೋರಿಸುತ್ತಿದ್ದೆ. ಅಜ್ಜಿ ಹಿತ್ತಲಲ್ಲಿ ಬಡಿಯಲು ಕೋಲು ಆರಿಸುತ್ತಿದ್ದಳು. ಅಪ್ಪ ಬೆಳಿಗ್ಗೆಯೇ ಅಟ್ಟ ಹತ್ತಿ ಏನನ್ನೋ ಹೊತ್ತುಕೊಂಡು ಹೋದವನು, ಬಿಸಿಲೇರಿದ ಮೇಲೆ ವಾಪಸ್ಸು ಬಂದ. ಖಾಕಿ ಕೋಟು ಇರಲಿಲ್ಲ. ಬರಿ ಬನಿಯನ್ನು, ಕೈಯಲ್ಲಿ ಹಾರೆ, ಮೊಣಕಾಲಿನವರೆಗೆ ಕೆಂಪು ಮಣ್ಣು. ಬೀದಿಯಲ್ಲೇ ನಿಂತು ಕೂಗಿದ.

"ಅವ್ವಾ, ಮೇಟಿ ನಿಲ್ಸಿದ್ದೀನಿ. ಬಾ."

ಅಜ್ಜಿ ಹಿತ್ತಲಿನಿಂದ ನಿಧಾನವಾಗಿ ಬಂದು ಹೊಸ್ತಿಲ ಮೇಲೆ ನಿಂತಳು. ಎದುರು ಮನೆಯವರು, ಪಕ್ಕದ ಮನೆಯವರು ಎಲ್ಲ ಬಾಗಿಲಿಗೆ ಬಂದಿದ್ದರು. ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರಪ್ಪಾ ನೀನು? ಗೊತ್ತಾಗಲಿಲ್ಲ."

ಅಪ್ಪನ ಕೈಯ ಹಾರೆ ನೆಲಕ್ಕೆ ಊರಿಕೊಂಡಿತು. "ನಿನ್ನ ಮಗ ಕಣವ್ವಾ," ಎಂದ. ಸರಿಯಾಗಿ ಕೇಳಿಸಲಿಲ್ಲ.

"ಜೋರಾಗಿ ಹೇಳಪ್ಪಾ. ಸರ್ಕಾರಕ್ಕೆ ಕಿವಿ ಮಂದ, ಬೆಂಗಳೂರಿನವರೆಗೂ ಕೇಳ್ಬೇಕು."

"ನಿನ್ನ ಮಗ! ನಾನು ನಿನ್ನ ಮಗ!" ಎಂದು ಅಪ್ಪ ಅರಚಿದ. ಅರಚುತ್ತಲೇ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಜ್ಜಿ ತಲೆಯಾಡಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಜಗುಲಿಯ ಕಡೆ ತಿರುಗಿ, "ಇವಳ್ಯಾರು?" ಎಂದಳು.

ಜೋರಾಗಿ ಹೇಳು ಎಂದು ನನಗೆ ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಎದ್ದು ನಿಂತು, ಬೀದಿಗೆಲ್ಲ ಕೇಳುವಂತೆ, "ನಿನ್ನ ಮೊಮ್ಮಗಳು," ಎಂದೆ.

ಅಜ್ಜಿ ನನ್ನ ಹೊಸ ದಾವಣಿಯನ್ನು ಒಮ್ಮೆ ಮುಟ್ಟಿ ನೋಡಿದಳು.

"ಹಂಗಾದ್ರೆ ಸಗಣಿ ಬುಟ್ಟಿ ಎತ್ಕೋ. ಕಣ ಸಾರಿಸ್ಬೇಕು."